ಓಲೆಯನ್ನೂ ಶಿಲೆಯನ್ನೂ ಓದಿದವರು: ಪ್ರಾಕ್ತನ ವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು

ಕೃಷ್ಣರಾಜಪೇಟೆಗೆ ಅನತಿದೂರದಲ್ಲಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ಅರಿಯದವರು ಈ ಸೀಮೆಯಲ್ಲಿ ವಿರಳ. ಎತ್ತರವಾದ ಜಗತಿ, ಅದರ ಮೂಲೆಮೂಲೆಗಳಲ್ಲಿ ನಿಂತ ಆನೆಗಳು, ಮೂರು ಗರ್ಭಗೃಹಗಳಲ್ಲಿ ನಾರಾಯಣ, ವೇಣುಗೋಪಾಲ, ಲಕ್ಷ್ಮೀನರಸಿಂಹರ ಮೂರ್ತಿಗಳು, ಹೊರಗೋಡೆಯ ಪಟ್ಟಿಕೆಗಳಲ್ಲಿ ಸಾಲುಗೊಂಡ ಗಜ, ತುರಗ, ಮಕರ, ಹಂಸಗಳು, ಅವುಗಳ ನಡುವೆ ರಾಮಾಯಣ ಭಾರತಾದಿ ಕಥೆಗಳು. ಇವೆಲ್ಲವೂ ನೋಡುವವರ ಕಣ್ಣಿಗೆ ಹಬ್ಬವೇ ಸರಿ. ಆದರೆ ಈ ಗುಡಿಯನ್ನು ಕಟ್ಟಿಸಿದವರು ಯಾರು, ಯಾವ ಸಂವತ್ಸರದಲ್ಲಿ ಪ್ರತಿಷ್ಠೆಯಾಯಿತು ಎಂಬುದನ್ನು ಹೇಳುವ ಶಾಸನ ಇಲ್ಲಿಲ್ಲ. ಹೊಯ್ಸಳ ಸೋಮೇಶ್ವರನ ಕಾಲದ್ದು, ಸುಮಾರು 1250ರದ್ದು ಎಂದು ವಿದ್ವಾಂಸರು ಹೇಳುವುದು ಊಹೆಯಿಂದ. ಆ ಊಹೆಯಾದರೂ ಬರಿಯ ಊಹೆಯಲ್ಲ. ಕಾಲ ನಿಶ್ಚಿತವಾಗಿರುವ 1246ರ ನುಗ್ಗೇಹಳ್ಳಿಯ ಗುಡಿಯನ್ನೂ 1268ರ ಸೋಮನಾಥಪುರದ ಗುಡಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಅವುಗಳ ಬಲದಿಂದ ಮೂಕವಾಗಿ ನಿಂತ ಗುಡಿಯನ್ನು ಮಾತನಾಡಿಸಿದ ಫಲ ಅದು.

ಹೀಗೆ ಕಲ್ಲನ್ನು ಪುಸ್ತಕದಂತೆ ಓದುವ ಪರಿಪಾಟಿಯನ್ನು ಮೈಸೂರು ಸೀಮೆಯಲ್ಲಿ ನೆಲೆಗೊಳಿಸಿದ ಮಹನೀಯರಲ್ಲಿ ಅಗ್ರಗಣ್ಯರು ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು. ಅವರು ಪ್ರಾಚ್ಯ ಸಂಶೋಧನೆಯ ಇಲಾಖೆಯ ಅಧಿಕಾರಿಗಳಾಗಿದ್ದರು, ಕವಿಚರಿತ್ರಕಾರರಾಗಿದ್ದರು, ಗ್ರಂಥಸಂಪಾದಕರಾಗಿದ್ದರು. ಆದರೆ ಈ ಮೂರಕ್ಕೂ ಮೂಲವಾದದ್ದು ಒಂದೇ: ಅವರ ಓದು. ಅವರು ಏನನ್ನು ಓದಿದರು, ಹೇಗೆ ಓದಿದರು, ಓದಿದ್ದನ್ನು ಯಾರಿಗಾಗಿ ಕೂಡಿಟ್ಟರು ಎಂಬುದನ್ನು ತಿಳಿಯುವುದು ವಿದ್ಯಾಸಂಸ್ಥೆಗಳಿಗೆ ಸೇರಿದವರಿಗೆಲ್ಲ ಪ್ರಯೋಜನಕರ.

ನರಸಿಂಹಾಚಾರ್ಯರು ಜನಿಸಿದ್ದು 1860ನೆಯ ಇಸವಿ ಏಪ್ರಿಲ್ 9ರಂದು, ಶ್ರೀರಂಗಪಟ್ಟಣ ತಾಲ್ಲೂಕಿನ ಮಂಡ್ಯದ ಕೊಪ್ಪಲಿನಲ್ಲಿ. ಶ್ರೀವೈಷ್ಣವ ಮನೆತನ. ಸಂಸ್ಕೃತವೂ ತಮಿಳೂ ಮನೆಯ ಸಂಸ್ಕಾರದಿಂದ ಬಂದವು. ಕನ್ನಡ ನೆಲದಿಂದ ಬಂದಿತು. ಇಂಗ್ಲಿಷು ಶಾಲೆಯಿಂದ ಬಂದಿತು. ಮುಂದೆ ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ, 1893ರಲ್ಲಿ, ಮದರಾಸು ವಿಶ್ವವಿದ್ಯಾಲಯದ ಎಂ.ಎ. ಪರೀಕ್ಷೆಯಲ್ಲಿ ಕನ್ನಡವನ್ನು ವಿಷಯವಾಗಿ ತೆಗೆದುಕೊಂಡು ತೇರ್ಗಡೆಯಾದರು. ಕನ್ನಡದಲ್ಲಿ ಆ ಪದವಿಯನ್ನು ಪಡೆದ ಮೊದಲಿಗರು ಅವರೇ. ಆಗ ಅವರಿಗೆ ಮೂವತ್ತಮೂರು ವರ್ಷ. ಕನ್ನಡ ಓದಿದರೆ ಉದ್ಯೋಗದಲ್ಲಿ ಮೇಲೇರುವ ದಾರಿ ಕಾಣದಿದ್ದ ಕಾಲದಲ್ಲಿ, ಸಂಸಾರಸ್ಥರಾದ ಉದ್ಯೋಗಿಯೊಬ್ಬರು ಆ ಶ್ರಮವನ್ನು ಕೈಗೊಂಡರೆಂದರೆ ಅದಕ್ಕೆ ಭಾಷೆಯ ಮೇಲಣ ಪ್ರೀತಿಯಲ್ಲದೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಆ ಕಾಲದಲ್ಲಿ ಹಳಗನ್ನಡವನ್ನು ಓದುವುದೆಂದರೆ ಏನು ಎಂಬುದನ್ನು ಇಂದಿನವರು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಅಂಗಡಿಯಲ್ಲಿ ಕೊಳ್ಳಲು ಪಂಪನಿಲ್ಲ, ರನ್ನನಿಲ್ಲ, ಜನ್ನನಿಲ್ಲ ಎಂಬ ಸ್ಥಿತಿ ಬಹುಕಾಲ ಇತ್ತು. ಕಿಟ್ಟೆಲ್ ಪಂಡಿತರು 1875ರಲ್ಲಿ ನಾಗವರ್ಮನ ಛಂದಸ್ಸನ್ನು ಅಚ್ಚು ಮಾಡಿಸಿದ್ದರು. ರೈಸ್ ಸಾಹೇಬರು ಶಾಸನಗಳನ್ನೂ ಕೆಲವು ಗ್ರಂಥಗಳನ್ನೂ ಬೆಳಕಿಗೆ ತರುತ್ತಿದ್ದರು. 1891ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿ ಸ್ಥಾಪಿತವಾಯಿತು. 1892ರಿಂದ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕರ್ನಾಟಕ ಕಾವ್ಯಮಂಜರಿಯ ಮೂಲಕ ಹಳೆಯ ಕಾವ್ಯಗಳನ್ನು ಸ್ವಲ್ಪಸ್ವಲ್ಪವಾಗಿ ಅಚ್ಚಿಗೆ ಕೊಡತೊಡಗಿದರು. ಉಳಿದ ಸಂಪತ್ತೆಲ್ಲ ಮಠಗಳಲ್ಲಿ, ಬಸದಿಗಳಲ್ಲಿ, ಪಂಡಿತರ ಮನೆಯ ಅಟ್ಟಗಳಲ್ಲಿ, ಓಲೆಯ ಕಟ್ಟುಗಳಾಗಿ ಮಲಗಿತ್ತು. ಹುಳು ತಿಂದು, ಹೊಗೆ ಹಿಡಿದು, ಯಾರದೋ ಅಜ್ಞಾನದಿಂದ ನದಿಯ ಪಾಲಾಗಿ, ವರ್ಷವರ್ಷವೂ ಅದು ಕರಗುತ್ತಿತ್ತು. ಆದುದರಿಂದ ಆಗಿನ ಓದು ವಿರಾಮದ ವಿನೋದವಾಗಿರಲಿಲ್ಲ. ಕಾಲದೊಡನೆ ನಡೆಸಿದ ಸ್ಪರ್ಧೆಯಾಗಿತ್ತು.

ಓಲೆಗರಿಯ ಓದು ಕಷ್ಟದ ವಿದ್ಯೆ. ಅದರಲ್ಲಿ ಪದಗಳ ನಡುವೆ ತೆರಪಿಲ್ಲ. ಪದ್ಯ ಮುಗಿದರೂ ಸಾಲು ಮುಗಿಯುವುದಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬರಹದಲ್ಲಿ ಭೇದವಿರುವುದಿಲ್ಲ. ಹಳೆಯ ಱ, ೞ ಅಕ್ಷರಗಳನ್ನು ತಿಳಿಯದ ಲಿಪಿಕಾರನು ಅವುಗಳಿಗೆ ಬದಲಾಗಿ ರ, ಳಗಳನ್ನು ಬರೆದಿರುತ್ತಾನೆ. ಅಲ್ಲಲ್ಲಿ ಗರಿ ತುಂಡಾಗಿ ಪಾಠ ತ್ರುಟಿತವಾಗಿರುತ್ತದೆ. ಆದುದರಿಂದ ಓದುವವನಿಗೆ ವ್ಯಾಕರಣ ಬೇಕು, ಛಂದಸ್ಸು ಬೇಕು, ಕೋಶ ಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ಸಾವಧಾನ ಬೇಕು. ಮಾತ್ರೆ ಎಲ್ಲಿ ತಪ್ಪಿತೋ ಅಲ್ಲಿ ಪಾಠ ತಪ್ಪಿದೆಯೆಂದು ತಿಳಿಯಬೇಕು. ಎರಡನೆಯ ಪ್ರತಿ ದೊರೆಯುವ ತನಕ ತನ್ನ ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳಬೇಕು. ನಾಗವರ್ಮನ ಕಾವ್ಯಾವಲೋಕನವನ್ನು 1903ರಲ್ಲಿ ಸಂಪಾದಿಸಿಕೊಟ್ಟ ಆಚಾರ್ಯರಿಗೆ ಈ ವಿದ್ಯೆ ಕರತಲಾಮಲಕವಾಗಿತ್ತು. ಭಟ್ಟಾಕಳಂಕನ ಕರ್ನಾಟಕ ಶಬ್ದಾನುಶಾಸನದ ಪರಿಷ್ಕೃತ ಮುದ್ರಣವನ್ನು 1923ರಲ್ಲಿ ಸಿದ್ಧಪಡಿಸಿದವರೂ ಅವರೇ.

ಈ ಓದಿನ ಮಹಾಫಲವೇ ಕರ್ನಾಟಕ ಕವಿಚರಿತೆ. ಮೊದಲನೆಯ ಸಂಪುಟ 1907ರಲ್ಲಿ ಹೊರಬಂದಿತು. ಅದರಲ್ಲಿ ಅವರಿಗೆ ಸಹಕರ್ತೃಗಳಾಗಿದ್ದವರು ಶ್ರೀರಂಗಪಟ್ಟಣದವರೇ ಆದ ಎಸ್. ಜಿ. ನರಸಿಂಹಾಚಾರ್ಯರು. ಒಂದೇ ಸೀಮೆಯ, ಒಂದೇ ಹೆಸರಿನ, ಒಂದೇ ವ್ರತದ ಇಬ್ಬರು ವಿದ್ವಾಂಸರು ಹೆಗಲೆಣೆಯಾಗಿ ಹೊತ್ತ ಭಾರ ಅದು. ದುರ್ದೈವದಿಂದ ಅದೇ ವರ್ಷದಲ್ಲಿ ಎಸ್. ಜಿ. ನರಸಿಂಹಾಚಾರ್ಯರು ನಲವತ್ತೈದರ ಪ್ರಾಯದಲ್ಲಿಯೇ ದಿವಂಗತರಾದರು. ಉಳಿದ ಭಾರವನ್ನು ಆಚಾರ್ಯರು ಒಬ್ಬರೇ ಹೊರಬೇಕಾಯಿತು. ಎರಡನೆಯ ಸಂಪುಟ 1919ರಲ್ಲಿ, ಮೂರನೆಯದು 1929ರಲ್ಲಿ ಪ್ರಕಟವಾದವು. ಮೊದಲ ಸಂಪುಟಕ್ಕೂ ಕೊನೆಯ ಸಂಪುಟಕ್ಕೂ ನಡುವೆ ಇಪ್ಪತ್ತೆರಡು ವರ್ಷ. ಒಟ್ಟಿನಲ್ಲಿ ಸಾವಿರಕ್ಕೂ ಮಿಕ್ಕ ಕವಿಗಳ ವೃತ್ತಾಂತ. ಸರ್ಕಾರದ ವರದಿಗಳನ್ನು ಇಂಗ್ಲಿಷಿನಲ್ಲಿ ಬರೆದ ಆಚಾರ್ಯರು ಈ ಗ್ರಂಥವನ್ನು ಮಾತ್ರ ಕನ್ನಡದಲ್ಲಿಯೇ ಬರೆದರು. ಕನ್ನಡಿಗರ ಆಸ್ತಿಯ ಲೆಕ್ಕ ಕನ್ನಡಿಗರಿಗೆ ಅರ್ಥವಾಗುವಂತಿರಬೇಕಷ್ಟೆ.

ಕವಿಚರಿತೆಯ ಕ್ರಮ ಸರಳವಾದುದು. ಕವಿಯ ಹೆಸರು, ಕಾಲ, ಸ್ಥಳ, ಮತ, ತಂದೆತಾಯಿಗಳು, ಗುರು, ಆಶ್ರಯದಾತ, ಬಿರುದು, ಗ್ರಂಥಗಳು. ಆಮೇಲೆ ಕವಿಯ ಶೈಲಿಯನ್ನು ತೋರಿಸುವ ಕೆಲವು ಪದ್ಯಗಳು. ಇದರಲ್ಲಿ ಹೊಗಳಿಕೆಯ ಆಡಂಬರವಿಲ್ಲ, ಕಥೆ ಕಟ್ಟುವ ಚಾಪಲ್ಯವಿಲ್ಲ. ಕವಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಎಷ್ಟೋ ಅಷ್ಟು. ಇತರರು ಅವನನ್ನು ಸ್ಮರಿಸಿದ್ದು ಎಷ್ಟೋ ಅಷ್ಟು. ಕಾವ್ಯದ ಪೀಠಿಕೆಯಲ್ಲಿ ಬರುವ ಪೂರ್ವಕವಿಸ್ತುತಿಯನ್ನು ಸಾಮಾನ್ಯ ಓದುಗನು ಬೇಗಬೇಗನೆ ದಾಟಿಬಿಡುತ್ತಾನೆ. ಆಚಾರ್ಯರಿಗೆ ಅದೇ ನಿಧಿ. ಯಾರು ಯಾರನ್ನು ನೆನೆದಿದ್ದಾರೆ ಎಂಬುದನ್ನು ಗುರುತಿಸಿಕೊಂಡರೆ ಯಾರು ಯಾರಿಗಿಂತ ಹಿಂದಿನವರು ಎಂಬುದು ತಾನಾಗಿ ತಿಳಿಯುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದ ಆದಿಯಲ್ಲಿ ಹೇಳಿಕೊಂಡಿರುವ ಪರಿಚಯದ ಒಂದು ಪದ್ಯದಿಂದಲೇ ಅವನು ಸುಮನೋಬಾಣನ ಮೊಮ್ಮಗ, ಮಲ್ಲಿಕಾರ್ಜುನನ ಮಗ, ಜನ್ನನ ಸೋದರಳಿಯ ಎಂಬ ಇಡಿಯ ಕವಿಕುಟುಂಬ ಕಣ್ಣಮುಂದೆ ನಿಲ್ಲುತ್ತದೆ. ಆ ಮಲ್ಲಿಕಾರ್ಜುನನೇ ಹೊಯ್ಸಳ ಸೋಮೇಶ್ವರನಿಗಾಗಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದವನು. ಹೊಸಹೊಳಲಿನ ಶಿಲ್ಪಿಗಳು ಉಳಿ ಹಿಡಿದಿದ್ದ ಕಾಲದಲ್ಲಿಯೇ ಅತ್ತ ಅರಮನೆಯಲ್ಲಿ ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ ಪೋಣಿಸುವ ಕೆಲಸ ನಡೆದಿತ್ತೆಂಬುದು ಗಮನಾರ್ಹ.

ಆ ಸಂಕಲನಗಳ ಬೆಲೆ ಎಷ್ಟೆಂಬುದು ನಷ್ಟವಾದ ಗ್ರಂಥಗಳನ್ನು ನೆನೆದಾಗ ತಿಳಿಯುತ್ತದೆ. ಮೊದಲನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ಇಂದು ನಮಗಿಲ್ಲ. ಅಸಗನ ಕನ್ನಡ ಕಾವ್ಯ ನಮಗಿಲ್ಲ. ಗಜಗನೆಂಬ ಕವಿ ಹೆಸರಾಗಿ ಮಾತ್ರ ಉಳಿದಿದ್ದಾನೆ. ಲಕ್ಷಣಗ್ರಂಥದಲ್ಲಿ ಉದಾಹರಣೆಯಾಗಿ ಬಂದ ಒಂದು ಪದ್ಯ, ಸಂಕಲನದಲ್ಲಿ ಸೇರಿಕೊಂಡ ನಾಲ್ಕು ಪದ್ಯ, ಮತ್ತೊಬ್ಬ ಕವಿಯ ಪೀಠಿಕೆಯಲ್ಲಿ ಬಂದ ಒಂದು ನಮಸ್ಕಾರ. ಇಂತಹ ಚೂರುಗಳನ್ನು ಹೆಕ್ಕಿ, ಇಂಥವನೊಬ್ಬನಿದ್ದನು, ಇಂಥದನ್ನು ಬರೆದನು ಎಂದು ಆಚಾರ್ಯರು ದಾಖಲಿಸಿದರು. ದೊರೆತ ಗ್ರಂಥವನ್ನು ಓದುವುದು ಎಲ್ಲರಿಗೂ ಸಾಧ್ಯ. ದೊರೆಯದ ಗ್ರಂಥದ ಗುರುತನ್ನು ದೊರೆತ ಗ್ರಂಥಗಳಲ್ಲಿ ಓದುವುದು ಕೆಲವರಿಗೆ ಮಾತ್ರ ಸಾಧ್ಯ. ಮಹಾಕವಿಯನ್ನು ಲೋಕವೇ ನೆನೆಯುತ್ತದೆ. ಅಲ್ಪಕವಿಯನ್ನು ನೆನೆಯುವವರು ಬೇಕು. ಆ ಋಣವನ್ನು ಅವರು ಸಾವಿರ ಹೆಸರುಗಳಿಗೂ ಸಮನಾಗಿ ಸಲ್ಲಿಸಿದರು.

1899ರಲ್ಲಿ ಆಚಾರ್ಯರು ರೈಸ್ ಸಾಹೇಬರ ಸಹಾಯಕರಾಗಿ ಪ್ರಾಕ್ತನ ಇಲಾಖೆಯನ್ನು ಸೇರಿದರು. ಓಲೆಯನ್ನು ಓದುತ್ತಿದ್ದವರಿಗೆ ಶಿಲೆಯನ್ನು ಓದುವ ಅವಕಾಶ ಒದಗಿತು. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಹೊರತರುತ್ತಿದ್ದ ರೈಸರು ಈ ಸೀಮೆಯ ಶಾಸನಗಳನ್ನೂ 1894 ಮತ್ತು 1898ರ ಸಂಪುಟಗಳಲ್ಲಿ ಅದಾಗಲೇ ಪ್ರಕಟಿಸಿದ್ದರು. ರೈಸರು 1906ರಲ್ಲಿ ನಿವೃತ್ತರಾದ ಮೇಲೆ ಇಲಾಖೆಯ ಹೊಣೆ ಆಚಾರ್ಯರ ಮೇಲೆ ಬಿದ್ದಿತು. 1922ರವರೆಗೆ ಅದನ್ನು ಅವರು ನಿರ್ವಹಿಸಿದರು. ಅಂದರೆ ವರ್ಷದಲ್ಲಿ ಬಹುಕಾಲ ಸಂಚಾರ. ಮೋಟಾರು ರಸ್ತೆಗಳಿಲ್ಲದ ಆ ಕಾಲದಲ್ಲಿ ಊರೂರಿಗೂ ಹೋಗಿ, ಪಾಳುಗುಡಿಯ ಗೋಡೆಯಲ್ಲಿ, ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ, ಹಜಾರದ ಮೆಟ್ಟಿಲಿನಲ್ಲಿ ಇದ್ದ ಕಲ್ಲುಗಳನ್ನು ಹುಡುಕಿ ತೆಗೆಯಬೇಕು. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದಕ್ಕೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯಬೇಕು. ಬಳಿಕ ಬಿಡಾರದಲ್ಲಿ ಕುಳಿತು ಅಕ್ಷರ ಅಕ್ಷರವಾಗಿ ಓದಬೇಕು. ಇಂತಹ ಸಂಚಾರದ ಫಲ ಪ್ರತಿವರ್ಷದ ಇಲಾಖೆಯ ವರದಿಯಲ್ಲಿ ವಿದ್ವತ್ಪ್ರಪಂಚಕ್ಕೆ ತಲುಪುತ್ತಿತ್ತು.

ಹೀಗೆ ಕಾವ್ಯಾಸಕ್ತಿಯೂ ಅವಶೇಷಗಳ ಅನ್ವೇಷಣೆಯೂ ಒಬ್ಬರಲ್ಲಿಯೇ ಕೂಡಿದ ಉದಾಹರಣೆ ಆ ಕಾಲದಲ್ಲಿ ಪರದೇಶದಲ್ಲಿಯೂ ಒಂದಿತ್ತು. ಗರ್ಟ್ರೂಡ್ ಬೆಲ್ ಎಂಬ ಆಂಗ್ಲ ಮಹಿಳೆ (1868–1926) ಪಾರಸೀ ಭಾಷೆಯನ್ನು ಕಲಿತು, ಹಾಫಿಜ್ ಕವಿಯ ಪದ್ಯಗಳ ಭಾಷಾಂತರವನ್ನು 1897ರಲ್ಲಿ ಪ್ರಕಟಿಸಿದರು. ಆಮೇಲೆ ಅರಬ್ಬಿಯನ್ನು ಕಲಿತು, ಮರುಭೂಮಿಯಲ್ಲಿ ಸಂಚರಿಸಿ, ಉಖೈದಿರ್ ಎಂಬಲ್ಲಿಯ ಹಳೆಯ ಅರಮನೆಯನ್ನು ಅಳೆದು ನಕ್ಷೆ ಬರೆದು, 1914ರಲ್ಲಿ ಗ್ರಂಥವನ್ನು ಹೊರತಂದರು. ಬಾಗ್ದಾದಿನ ವಸ್ತುಸಂಗ್ರಹಾಲಯಕ್ಕೆ ಮೂಲಕರ್ತೃಗಳಾದರು. ಸಿರಿಯಾ ದೇಶದ ಅವರ ಪ್ರವಾಸಗ್ರಂಥ ಪ್ರಕಟವಾದ 1907ರಲ್ಲಿಯೇ ಇತ್ತ ಕವಿಚರಿತೆಯ ಮೊದಲ ಸಂಪುಟ ಹೊರಬಂದಿತು. ಒಂದು ನಾಡಿನ ಕಲ್ಲನ್ನು ಅರಿಯಬೇಕಾದರೆ ಮೊದಲು ಆ ನಾಡಿನ ಕವಿಯನ್ನು ಅರಿಯಬೇಕೆಂಬುದನ್ನು ಇಬ್ಬರ ಜೀವನವೂ ತೋರಿಸುತ್ತದೆ. ಆದರೆ ಭೇದವೂ ಉಂಟು. ಆಕೆ ಶ್ರೀಮಂತ ಮನೆತನದವರು, ಸಾಮ್ರಾಜ್ಯದ ರಾಜಕಾರಣದಲ್ಲಿ ತೊಡಗಿದವರು, ಪರರ ನಾಡನ್ನು ಓದಿದವರು. ಆಚಾರ್ಯರು ತಮ್ಮ ನಾಡಿನ ಗಡಿಯೊಳಗೇ ಸುತ್ತಿದರು; ತಮ್ಮವರು ಮರೆತಿದ್ದನ್ನು ತಮ್ಮವರಿಗೇ ಓದಿ ಹೇಳಿದರು.

ಓಲೆಯ ಓದೂ ಶಿಲೆಯ ಓದೂ ಆಚಾರ್ಯರಲ್ಲಿ ಒಂದಕ್ಕೊಂದು ಸಾಕ್ಷಿಯಾದವು. ಯಶೋಧರಚರಿತೆಯ ಕರ್ತೃವಾದ ಜನ್ನನೇ 1197ರ ಅಮೃತಾಪುರದ ಶಾಸನವನ್ನು ರಚಿಸಿದವನು. ಚನ್ನರಾಯಪಟ್ಟಣ ಸೀಮೆಯ 1191ರ ಶಾಸನವೂ ಅವನದೇ. ಕಾವ್ಯದಲ್ಲಿ ಕಾಲ ತಿಳಿಯದಿದ್ದರೆ ಶಾಸನ ಹೇಳುತ್ತದೆ. ಶಾಸನದಲ್ಲಿ ಬಂದ ಹೆಸರು ಯಾರದೆಂದು ಕಾವ್ಯ ಹೇಳುತ್ತದೆ. ಶ್ರವಣಬೆಳಗೊಳದ ಸಂಪುಟವನ್ನು ರೈಸರು 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದ ಶಾಸನಗಳು 144. ಆಚಾರ್ಯರು ಬೆಟ್ಟಗಳನ್ನೂ ಬಸದಿಗಳನ್ನೂ ಮತ್ತೆ ಶೋಧಿಸಿ 1923ರಲ್ಲಿ ಪರಿಷ್ಕರಿಸಿದ ಮುದ್ರಣದಲ್ಲಿ ಅವು 500 ಆದವು. ಓದಿ ಮುಗಿಯಿತೆಂದು ಲೋಕ ಭಾವಿಸಿದ್ದ ಬಂಡೆಯ ಮೇಲೆ ಓದದೆ ಉಳಿದದ್ದು ಅದಕ್ಕಿಂತ ಹೆಚ್ಚಾಗಿತ್ತೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಶಾಸನವೆಂದರೆ ದಾನದ ಲೆಕ್ಕವೆಂದು ತಿಳಿದಿದ್ದವರಿಗೆ ಅದರಲ್ಲಿ ಕವಿತೆಯೂ ಇದೆಯೆಂದು ತೋರಿಸಲು ಅದೇ ವರ್ಷ ಶಾಸನಪದ್ಯಮಂಜರಿಯನ್ನು ಸಂಕಲಿಸಿಕೊಟ್ಟರು.

ಗುಡಿಗಳ ವಿಷಯದಲ್ಲಿಯೂ ಅವರ ಕ್ರಮ ಇದೇ. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು 1917ರಲ್ಲಿ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ದೇವಾಲಯಗಳನ್ನು ಕುರಿತು 1919ರಲ್ಲಿ ಅವರು ಬರೆದ ಪುಸ್ತಕಗಳು ಹೊಯ್ಸಳ ಶಿಲ್ಪದ ಅಭ್ಯಾಸಕ್ಕೆ ಅಡಿಪಾಯವಾದವು. ವಿಗ್ರಹದ ಪೀಠದಲ್ಲಿ ಶಿಲ್ಪಿ ಕೊರೆದ ಚಿಕ್ಕ ಅಕ್ಷರಗಳನ್ನೂ ಅವರು ಬಿಡಲಿಲ್ಲ. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಲೆಯ ಮುಂತಾದವರ ಹೆಸರುಗಳು ಇಂತಹ ಓದಿನಿಂದ ಬೆಳಕಿಗೆ ಬಂದವು. ಅರಸನ ಹೆಸರು ದೊಡ್ಡ ಶಾಸನದಲ್ಲಿ ಇದ್ದೇ ಇರುತ್ತದೆ. ಕೆಲಸ ಮಾಡಿದ ಕೈಯ ಹೆಸರು ಪೀಠದ ಮೂಲೆಯಲ್ಲಿರುತ್ತದೆ. ಎರಡನ್ನೂ ಓದುವವನೇ ಓದುಗ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದನ್ನು ಕಂಡು ಸಂತೋಷಪಡುವ ನಾವು, ಒಂದು ಶತಮಾನದ ಹಿಂದೆ ಅವುಗಳ ಮುಂದೆ ನಿಂತು ಒಂದೊಂದು ವಿಗ್ರಹವನ್ನೂ ಗುರುತುಹಾಕಿಕೊಂಡವರನ್ನು ಮರೆಯಬಾರದು.

ಆಚಾರ್ಯರ ಓದಿನಲ್ಲಿ ಎಲ್ಲಕ್ಕಿಂತ ಸ್ಮರಣೀಯವಾದ ಗುಣ ಸಮದೃಷ್ಟಿ. ತಾವು ನಿಷ್ಠ ಶ್ರೀವೈಷ್ಣವರು. ಓದಿದ್ದು ಜೈನ ಪುರಾಣಗಳನ್ನು, ವೀರಶೈವ ರಗಳೆ ಷಟ್ಪದಿ ವಚನಗಳನ್ನು, ದಾಸರ ಕೃತಿಗಳನ್ನು. ಬಸವಾದಿ ಶರಣರು, ಹರಿಹರ ರಾಘವಾಂಕರು, ಚಾಮರಸ, ಲಕ್ಕಣ್ಣ ದಂಡೇಶ, ನಿಜಗುಣ ಶಿವಯೋಗಿ, ವಿರೂಪಾಕ್ಷ ಪಂಡಿತ, ನಮ್ಮ ಮಳವಳ್ಳಿ ಸೀಮೆಯ ಧನಗೂರಿನ ಷಡಕ್ಷರದೇವ ಇವರೆಲ್ಲರೂ ಕವಿಚರಿತೆಯಲ್ಲಿ ಪಂಪ ರನ್ನರಿಗೆ ಸಲ್ಲುವ ಗೌರವದಿಂದಲೇ ಕುಳಿತಿದ್ದಾರೆ. ಶ್ರೀರಂಗಪಟ್ಟಣದ ಚಿಕ್ಕದೇವರಾಜ ಒಡೆಯರ ಆಸ್ಥಾನದ ತಿರುಮಲಾರ್ಯ, ಚಿಕುಪಾಧ್ಯಾಯರ ಸಾಲಿನಲ್ಲಿಯೇ ಅರಮನೆಯ ಸಂಚಿಯ ಊಳಿಗದಿಂದ ಕವಯಿತ್ರಿಯಾಗಿ ಬೆಳೆದ ಹೊನ್ನಮ್ಮನಿಗೂ ಸ್ಥಾನ ದೊರೆತಿದೆ. ಮುಂದೆ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ಮಠಮಾನ್ಯಗಳ ಓಲೆಗಳನ್ನು ಶೋಧಿಸಿ, ವಚನಕಾರರ ಸಂಖ್ಯೆಯನ್ನು ಹಲವು ಪಟ್ಟು ವಿಸ್ತರಿಸಿದರು. ಆ ವಿಸ್ತಾರದ ಕೀರ್ತಿ ಹಳಕಟ್ಟಿಯವರದೇ. ಆದರೆ ಕನ್ನಡ ಸಾಹಿತ್ಯದ ಮನೆಯಲ್ಲಿ ಶರಣರಿಗೆ ಆಸನ ಉಂಟೆಂಬುದನ್ನು ಪರಮತದವರಾದ ಪಂಡಿತರು ಅಷ್ಟು ಮೊದಲೇ ಸಹಜವಾಗಿ ಒಪ್ಪಿ ಬರೆದಿದ್ದರೆಂಬುದು ಸಣ್ಣ ಸಂಗತಿಯಲ್ಲ. ತಮಿಳಿನ ನೀತಿಗ್ರಂಥಗಳಿಂದ ಆರಿಸಿ ಅವರು ಕನ್ನಡಕ್ಕೆ ತಂದ ನೀತಿಮಂಜರಿಯೂ ಇದೇ ಉದಾರ ಓದಿನ ಫಲ.

ಇಷ್ಟು ಓದಿದವರ ನಿರ್ಣಯಗಳೆಲ್ಲವೂ ಸ್ಥಿರವಾಗಿ ನಿಂತವೆಂದಲ್ಲ. ಉದಾಹರಣೆಗೆ, ಕಾವ್ಯಾವಲೋಕನದ ನಾಗವರ್ಮನು ಸುಮಾರು 1145ರವನೆಂದು ಆಚಾರ್ಯರು ನಿರ್ಣಯಿಸಿದ್ದರು. ಬಹುಕಾಲದ ಮೇಲೆ ನಾಗವರ್ಮನ ವರ್ಧಮಾನಪುರಾಣ ದೊರೆತು, ಅದರಲ್ಲಿ 1042ರ ಕಾಲನಿರ್ದೇಶ ಕಂಡುಬಂದಾಗ, ವಿದ್ವಾಂಸರು ಬಹುಮಟ್ಟಿಗೆ ಅವನನ್ನು ಒಂದು ಶತಮಾನ ಹಿಂದಕ್ಕೆ ಒಯ್ದರು. ಇದರಿಂದ ಆಚಾರ್ಯರ ಹಿರಿಮೆಗೆ ಕುಂದಿಲ್ಲ. ಸಾಮಗ್ರಿಯನ್ನು ಮುಚ್ಚಿಡದೆ ಓದುಗರ ಮುಂದೆ ಇಟ್ಟವರಾದುದರಿಂದಲೇ ಮುಂದಿನವರಿಗೆ ತಿದ್ದುವುದು ಸಾಧ್ಯವಾಯಿತು. ತಮ್ಮ ಗ್ರಂಥವನ್ನು ತಾವೇ ತಿದ್ದುವುದರಲ್ಲಿಯೂ ಅವರು ಹಿಂದೆಗೆದವರಲ್ಲ. ಕವಿಚರಿತೆಯ ಮೊದಲ ಸಂಪುಟವನ್ನು ಪರಿಷ್ಕರಿಸಿ 1924ರಲ್ಲಿ ಮತ್ತೆ ಮುದ್ರಿಸಿದರು. ಆಗ ಅವರಿಗೆ ಅರವತ್ತನಾಲ್ಕು ವರ್ಷ. ಉದ್ಯೋಗದಿಂದ ನಿವೃತ್ತರಾಗಿದ್ದರು, ಓದಿನಿಂದ ಆಗಿರಲಿಲ್ಲ.

ನಾಡು ಅವರನ್ನು ಗೌರವಿಸಿತು. 1918ರಲ್ಲಿ ಧಾರವಾಡದಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮೈಸೂರಿನ ಮಹಾರಾಜರಿಂದ ಪ್ರಾಕ್ತನ ವಿಮರ್ಶ ವಿಚಕ್ಷಣ ಎಂಬ ಬಿರುದೂ ಸರ್ಕಾರದಿಂದ ರಾವ್ ಬಹದ್ದೂರ್, ಮಹಾಮಹೋಪಾಧ್ಯಾಯ ಪದವಿಗಳೂ ಬಂದವು. ಮೈಸೂರು ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅವರು ಮಾಡಿದ ಉಪನ್ಯಾಸಗಳು ಕನ್ನಡ ಭಾಷೆಯ ಚರಿತ್ರೆಯಾಗಿ 1934ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದವು. ಕನ್ನಡ ಸಾಹಿತ್ಯದ ಚರಿತ್ರೆ 1940ರಲ್ಲಿ ಹೊರಬಂದಾಗ ಅದನ್ನು ನೋಡಲು ಅವರಿರಲಿಲ್ಲ. 1936ರ ಡಿಸೆಂಬರ್ 6ರಂದು ಅವರು ದಿವಂಗತರಾದರು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ಪ್ರಸಿದ್ಧವಾದ ಹಲ್ಮಿಡಿಯ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದೂ ಅದೇ ವರ್ಷ. ಒಂದು ತಲೆಮಾರು ಕಣ್ಣು ಮುಚ್ಚುವ ಹೊತ್ತಿಗೆ ಮತ್ತೊಂದು ತಲೆಮಾರು ಕಣ್ಣು ತೆರೆದಿತ್ತು.

ಇಂದು ಹಳೆಯ ಕಾವ್ಯಗಳು ಅಚ್ಚಾಗಿವೆ, ಶಾಸನ ಸಂಪುಟಗಳು ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ಆದರೂ ಓದಬೇಕಾದದ್ದು ಮುಗಿದಿಲ್ಲ. ಈ ತಾಲ್ಲೂಕುಗಳ ಹೊಲಗಳಲ್ಲಿ ಇನ್ನೂ ವೀರಗಲ್ಲುಗಳು ಮಾಸ್ತಿಕಲ್ಲುಗಳು ನಿಂತಿವೆ. ಮನೆ ಕಟ್ಟುವವರ ತಳಪಾಯಕ್ಕೆ ಅವು ಸೇರುವುದೂ ಉಂಟು. ಹಳೆಯ ಮನೆಗಳ ಅಟ್ಟದಲ್ಲಿ ಓಲೆಯ ಕಟ್ಟುಗಳು ಇರಬಹುದು. ಮನೆ ಕೆಡಹುವ ದಿನ ಅವುಗಳಿಗೂ ಕೊನೆಯ ದಿನವಾಗಬಹುದು. ಅಧ್ಯಾಪಕರು ವರ್ಷಕ್ಕೊಮ್ಮೆ ಮಕ್ಕಳನ್ನು ತಮ್ಮ ಊರಿನ ಕಲ್ಲಿನ ಮುಂದೆ ನಿಲ್ಲಿಸಿ ಒಂದು ಸಾಲನ್ನಾದರೂ ಓದಿಸಿದರೆ, ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಒಂದು ಕಟ್ಟನ್ನಾದರೂ ಸುರಕ್ಷಿತ ಸ್ಥಳಕ್ಕೆ ಒಪ್ಪಿಸಿದರೆ, ದಾನಿಗಳು ಶಾಲೆಯ ಪುಸ್ತಕ ಭಂಡಾರಕ್ಕೆ ಒಂದು ಶಾಸನ ಸಂಪುಟವನ್ನಾದರೂ ಕೊಡಿಸಿದರೆ, ಮಂಡ್ಯದ ಕೊಪ್ಪಲಿನ ಆ ಹಿರಿಯರ ಓದು ಮುಂದುವರಿಯುತ್ತದೆ. ಕಲ್ಲಾಗಲಿ ಓಲೆಯಾಗಲಿ ತಾನಾಗಿ ಮಾತನಾಡುವುದಿಲ್ಲ. ಓದುವವರು ಇರುವಷ್ಟು ದಿನ ಮಾತ್ರ ಅವಕ್ಕೆ ಮಾತು.